ರೊಟ್ಟಿ ತೆಳ್ಳಗೆ ಬರುವ ಹಾಡು

ಬಸವಣ್ಣೆವ್ವನ ದನಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ ಎನ್ನುವುದು ಖಾನಾಪುರದ ಅವಳ ಓಣಿಯಲ್ಲಿ ಒಂದು ಹೊಗಳಿಕೆಯಾಗಿತ್ತು. ಹೊಸ ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ಹಿರಿಯರು ಅವಳನ್ನೇ ತೋರಿಸುತ್ತಿದ್ದರು. "ಅಕೀನ್ನ ನೋಡಿ ಕಲೀರಿ. ಮದಿವ್ಯಾಗಿ ಇಪ್ಪತ್ತು ವರ್ಷ ಆತು, ಬಾಜೂಮನಿಯವರಿಗೆ ಅಕೀ ದನಿ ಹೆಂಗೈತಿ ಅಂತ ಗೊತ್ತಿಲ್ಲ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಬಸವಣ್ಣೆವ್ವ ಸೆರಗು ಮುಂದಕ್ಕೆಳೆದುಕೊಂಡು ತಲೆ ತಗ್ಗಿಸುತ್ತಿದ್ದಳು. ನಾಚಿಕೆಗೆ ಅಂತ ಜನ ತಿಳಿದಿದ್ದರು. ಖರೇ ಹೇಳಬೇಕೆಂದರೆ, ಹಲ್ಲು ಕಚ್ಚಿದ್ದು ಯಾರಿಗೂ ಕಾಣಬಾರದು ಅಂತ.

ಟೇಪ್‌ರೆಕಾರ್ಡರು ಅವಳ ಮನೆಗೆ ಬಂದದ್ದು ಎಂಬತ್ತೈದರ ದೀಪಾವಳಿಗೆ. ಗಂಡ ಗುರುಪುತ್ರಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಕಾರ್ಖಾನೆಯ ಲಾರಿ ಹೆಂಚು ಹೇರಿಕೊಂಡು ಕಣಕುಂಬಿಯ ಘಟ್ಟದ ಮೇಲೆ ಗೋವಾಕ್ಕೆ ಇಳಿಯುತ್ತಿತ್ತು. ಒಮ್ಮೆ ಲಾರಿ ಖಾಲಿಯಾಗಿ ಮರಳುವಾಗ ಡ್ರೈವರನ ಬಾಜು ಈ ಕರೀ ಡಬ್ಬಿ ಕೂತು ಬಂತು. ಗುರುಪುತ್ರಪ್ಪ ಅದನ್ನು ಹೆಂಡತಿಯ ಮುಂದಿಟ್ಟು, "ಬ್ಯಾಸರಾದಾಗ ಹಚ್ಚಿಗೋ" ಅಂದ. ಹೆಂಡತಿಗೂ ಬೇಸರ ಆಗಬಹುದು ಎನ್ನುವುದು ಅವನಿಗೆ ಹೊಳೆದದ್ದು ಅದೇ ಮೊದಲು. ಅಷ್ಟಕ್ಕೇ ಬಸವಣ್ಣೆವ್ವನಿಗೆ ಕಣ್ಣು ತುಂಬಿ ಬಂದವು.

ಅತ್ತೆ ನಿಂಗವ್ವ ಡಬ್ಬಿಯನ್ನು ಸುತ್ತುಹಾಕಿ ನೋಡಿದಳು. "ಹಚ್ಚಿದ್ರ ವಚನ ಹಚ್ರಿ. ಸಿನಿಮಾ ಗಿನಿಮಾ ಈ ಮನ್ಯಾಗ ನಡ್ಯಾಂಗಿಲ್ಲ" ಅಂತ ಕಾನೂನು ಮಾಡಿದಳು. ಗುರುಪುತ್ರಪ್ಪ ಮರುದಿನವೇ ಬೆಳಗಾವಿಗೆ ಹೋಗಿ ಬಾಳಾಸಾಹೇಬನ ಅಂಗಡಿಯಿಂದ ವಚನದ ಕ್ಯಾಸೆಟ್ಟು ತಂದ. ಬಾಳಾಸಾಹೇಬ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಕೊಡುವವ, ಜೊತೆಗೆ ಮದುವೆ ಮುಂಜಿವೆಗಳಿಗೆ ಮೈಕು, ಸ್ಪೀಕರು ಬಾಡಿಗೆ ಕೊಡುವವ. ಕ್ಯಾಸೆಟ್ಟಿನ ಮೇಲೆ ಅವನ ದುಂಡನೆಯ ಅಕ್ಷರದಲ್ಲಿ 'ವಚನ' ಅಂತ ಬರೆದಿತ್ತು.

ಮರುದಿನ ಬೆಳಿಗ್ಗೆ ನಿಂಗವ್ವ ಎಂದಿನಂತೆ ಹಿತ್ತಲಲ್ಲಿ, ಹಲಸಿನ ಗಿಡದ ಪಕ್ಕ ಬಿಸಿಲು ಕಾಯಿಸಿಕೊಳ್ಳುತ್ತ ಕಾಳು ಆರಿಸಲು ಕೂತಳು. ಬಸವಣ್ಣೆವ್ವ ಟೇಪಿನ ಗುಂಡಿ ಒತ್ತಿ, ರೊಟ್ಟಿ ಬಡಿಯಲು ಕೂತು, ಹಿಟ್ಟಿಗೆ ಕೈ ಹಾಕಿದಳು. ಮೊದಲು ಎಲ್ಲೋ ದೂರದಲ್ಲಿ ಗಂಟೆ ಬಾರಿಸಿತು. ಭಕ್ತಿಯಿಂದ ಕಣ್ಣು ಮುಚ್ಚಿದಳು. ಮರುಕ್ಷಣ ಯಾರೋ ಪಾತ್ರೆ ತುಂಬಿದ ಕಪಾಟನ್ನು ಅಟ್ಟದಿಂದ ಉರುಳಿಸಿದ ಹಾಗಾಯಿತು. ಆ ಪಾತ್ರೆಗಳ ನಡುವೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಒಬ್ಬ ಗಂಡಸು ಚೀರತೊಡಗಿದ.

ಬಂದ್ ಮಾಡೋಣವೆಂದರೆ ಎರಡೂ ಕೈಗೆ ಹಿಟ್ಟು. ಗಂಡ ಮುಂಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಆಗಲೇ ಹೊರಟಾಗಿತ್ತು. ಮೊಣಕೈಯಿಂದ ಗುಂಡಿ ತಿರುವಿ ದನಿ ಸಣ್ಣದು ಮಾಡಿದಳು. ಬಡಿಯುತ್ತಿದ್ದ ರೊಟ್ಟಿ ಮುಗಿಸಿ ಬಂದ್ ಮಾಡಿದರಾಯಿತು ಅಂದುಕೊಂಡಳು. ಒಂದು ಮುಗಿಯಿತು, ಎರಡನೆಯದು ಮುಗಿಯಿತು. ಬುಟ್ಟಿ ತುಂಬಿದಾಗ ನೋಡುತ್ತಾಳೆ, ಅವಳ ಅಂಗೈ ತನ್ನಷ್ಟಕ್ಕೆ ಆ ಡೋಲಿನ ಪೆಟ್ಟಿಗೆ ಪೆಟ್ಟು ಕೂಡಿಸುತ್ತ ನಡೆದಿದೆ. ರೊಟ್ಟಿಗಳು ಎಂದೂ ಇಲ್ಲದಷ್ಟು ಅಗಲ. ತೆಳುವಾಗಿ, ಎತ್ತಿ ಹಿಡಿದರೆ ಕಿಟಕಿಯ ಬೆಳಕು ಆಚೆಯಿಂದ ಕಾಣುತ್ತಿತ್ತು.

ಆ ರಾತ್ರಿ ಊಟದಲ್ಲಿ ಗುರುಪುತ್ರಪ್ಪ ಒಂದು ರೊಟ್ಟಿ ಹೆಚ್ಚು ತಿಂದ.

ಅಲ್ಲಿಂದ ಅದು ದಿನದ ಕಾರ್ಯಕ್ರಮವಾಯಿತು. ಅತ್ತೆ ಹಿತ್ತಲಿಗೆ ಹೋದಳೆಂದರೆ ಬಸವಣ್ಣೆವ್ವ ಡಬ್ಬಿಯ ಗುಂಡಿ ಒತ್ತುವಳು. ದನಿಯ ಗುಂಡಿಗೆ ಹತ್ತರವರೆಗೆ ಅಂಕಿ ಇದ್ದವು, ಅವಳು ಎರಡು ದಾಟಿಸಿದವಳಲ್ಲ. ಎರಡರ ಸದ್ದು ರೊಟ್ಟಿಯ ಸದ್ದಿನಡಿ ಮುಚ್ಚಿಹೋಗುತ್ತದೆ, ಹಿತ್ತಲವರೆಗೆ ಹೋಗುವುದಿಲ್ಲ ಎಂದು ಅವಳ ಅಂದಾಜು. ಹಾಡಿದವರು ಯಾರು, ಯಾವ ದೇಶದವರು, ಏನು ಹೇಳುತ್ತಾರೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಹಟವೂ ಇರಲಿಲ್ಲ. ಮಾವಿನಹಣ್ಣು ತಿನ್ನುವವರು ಗಿಡದ ಕುಲ ಕೇಳುತ್ತಾರೆಯೇ? ಆದರೆ ಎರಡನೇ ಬಾಜುವಿನ ಮೂರನೇ ಹಾಡು ಮಾತ್ರ ಬೇರೆ. ಅದು ಬಡಿದೂ ಬಡಿದೂ ತಟ್ಟನೆ ನಿಂತು, ಆ ನಿಶ್ಶಬ್ದದೊಳಗಿಂದ ಹಾಡುವವ ಉದ್ದಕ್ಕೆ ಒಂದು ಕೂಗು ಹಾಕುತ್ತಿದ್ದ. ಅಲ್ಲಿಗೆ ಬಂದಾಗ ಬಸವಣ್ಣೆವ್ವನ ಅಂಗೈ ರೊಟ್ಟಿಯ ಮೇಲೆ ಹಾಗೇ ನಿಲ್ಲುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅತ್ತೆ ಬೀಗರ ಮುಂದೆ ಅಂದದ್ದು, ತವರಿಂದ ತಂದ ಹಸಿರು ಇಳಕಲ್ ಸೀರೆಯನ್ನು ಕೇಳದೇ ನಾದಿನಿಗೆ ಉಡಿಸಿ ಕಳಿಸಿದ್ದು, ಆಗೆಲ್ಲ ನುಂಗಿದ ಮಾತುಗಳೆಲ್ಲ ಅಲ್ಲೇ ಗಂಟಲಲ್ಲಿ ಸಾಲುಹಚ್ಚಿ ನಿಂತಿದ್ದವು. ಆ ಗಂಡಸು ಕೂಗಿ ಮುಗಿಸುವವರೆಗೆ ಅವಳು ಉಸಿರು ಹಿಡಿದಿರುತ್ತಿದ್ದಳು, ಆಮೇಲೆ ರೊಟ್ಟಿ ಎತ್ತಿ ತವಾಕ್ಕೆ ಹಾಕುತ್ತಿದ್ದಳು.

ನಾದಿನಿ ಕಾಂತಾ ಸಂಕ್ರಾಂತಿಗೆ ಗೋಕಾಕದಿಂದ ಬಂದಳು. ಬಂದವಳ ಕಣ್ಣು ಮೊದಲು ಬಿದ್ದದ್ದು ಟೇಪಿನ ಮೇಲೆ.

"ಅವ್ವಾ, ವೈನಿಗೆ ಯಾಕ ಬೇಕು ಇದು? ಅಡಗಿಮನ್ಯಾಗ ಹೊಗಿ ಕುಡೀತ ಕುಂತೈತಿ. ನಮ್ಮ ಮನ್ಯಾಗಾದ್ರ ಮಂದಿ ಬರ್ತಾರ, ಹೋಗ್ತಾರ, ನೋಡ್ತಾರ."

ಬಸವಣ್ಣೆವ್ವನಿಗೆ ಹಸಿರು ಸೀರೆ ನೆನಪಾಯಿತು. ತನಗೇ ಗೊತ್ತಿಲ್ಲದ ಹಾಗೆ ಬಾಯಿ ತೆರೆಯಿತು. "ನಾ ಅದರಾಗ ವಚನ ಕಲ್ಯಾಕತ್ತೇನ್ರಿ."

ನಿಂಗವ್ವ ಸೊಸೆಯ ಮುಖವನ್ನೂ ಮಗಳ ಮುಖವನ್ನೂ ತಕ್ಕಡಿಗೆ ಹಾಕಿದವಳ ಹಾಗೆ ನೋಡಿದಳು. "ಹಂಗಾರ ಆತು. ಬರೂ ಸೋಮಾರ ಅಕ್ಕನ ಬಳಗ ನಮ್ಮ ಮನ್ಯಾಗ ಐತಿ. ಎಲ್ಲಾರ ಮುಂದ ಹಾಡ್ಲಿ. ಹಾಡಿದ್ರ ಟೇಪು ಆಕೀದು. ಇಲ್ಲಂದ್ರ ಕಾಂತಾ, ನೀ ಒಯ್ಯಿ."

ಅಕ್ಕನ ಬಳಗವೆಂದರೆ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ವಚನ ಹಾಡುವ ಹೆಣ್ಣುಮಕ್ಕಳ ಕೂಟ. ಅಲ್ಲಿ ಬಸವಣ್ಣೆವ್ವ ಇಲ್ಲಿಯವರೆಗೆ ಮಾಡಿದ ಕೆಲಸವೆಂದರೆ ಚಹಾ ಕೊಡುವುದು.

ಕ್ಯಾಸೆಟ್ಟು ಬದಲಿಸಿ ತರುತ್ತೇನೆ ಎಂದು ಹೇಳಿ ಮರುದಿನ ಬೆಳಗಾವಿಗೆ ಓಡಿದಳು. ಬಾಳಾಸಾಹೇಬ ಕ್ಯಾಸೆಟ್ಟನ್ನು ತನ್ನ ಯಂತ್ರಕ್ಕೆ ಹಾಕಿ, ಒಂದು ಕ್ಷಣ ಕೇಳಿ, ಹಣೆ ಹಣೆ ಬಡಿದುಕೊಂಡ.

"ಅರೇ ದೇವಾ! ಚೂಕ್ ಝಾಲೀ ವೈನಿ, ತಪ್ಪಾತು. ಇದು ಕಾಲೇಜ್ ಹುಡುಗೂರದ್ದು. ನಿಮ್ಮ ವಚನ ಅವರ ಕಡೆ ಹೋಗೇತಿ."

"ಅವರು ತಕರಾರು ಮಾಡ್ಲಿಲ್ಲೇನ್ರಿ?"

"ಇಲ್ರೀ. ಅದ ನನಗೂ ಆಶ್ಚರ್ಯ." ಬಾಳಾಸಾಹೇಬ ಹೊಸ ಕ್ಯಾಸೆಟ್ಟಿಗೆ ವಚನ ತುಂಬಿಕೊಟ್ಟು ಹಳೆಯದಕ್ಕೆ ಕೈ ಚಾಚಿದ. "ಅದನ್ನ ಇಲ್ಲೇ ಇಡ್ರಿ, ಅಳಿಸಿ ಬಿಡ್ತೇನಿ."

ಬಸವಣ್ಣೆವ್ವ ಕ್ಯಾಸೆಟ್ಟನ್ನು ಸೆರಗಿನಡಿ ಎಳೆದುಕೊಂಡಳು. "ಬ್ಯಾಡ್ರಿ. ಇರ್ಲಿ ಬಿಡ್ರಿ."

ಬಾಳಾಸಾಹೇಬ ಅವಳ ಹಣೆಯ ವಿಭೂತಿ ನೋಡಿದ, ಸೆರಗು ನೋಡಿದ, ಮೀಸೆಯಡಿ ನಕ್ಕ. ಗೋಡೆಗೆ ಹಚ್ಚಿದ್ದ ಕಾಗದ ತೋರಿಸಿದ. ಅದರ ಮೇಲೆ ಉದ್ದ ಕೋಡಿನ ಎಮ್ಮೆಯ ಬುರುಡೆ, ಅದರ ಕಣ್ಣೊಳಗೆ ಬೆಂಕಿ. "ಬರೂ ಆಯ್ತವಾರ ಕಾಲೇಜಿನ ಗ್ಯಾದರಿಂಗ್ ಐತಿ. ಗೋವಾದ ಹುಡುಗೂರು ಬರ್ತಾರ, 'ಬ್ಲ್ಯಾಕ್ ಬಫೆಲೋ' ಅಂತ. ಇದ ತರದ್ದು, ಹೆವೀ ಮೆಟಲ್. ನಾಲ್ಕಕ್ಕ ಚಾಲೂ. ಸ್ಪೀಕರ್ ಎಲ್ಲಾ ನನ್ನವ. ಬಾಗಲದಾಗ ನನ್ನ ಹೆಸರು ಹೇಳ್ರಿ, ಒಳಗ ಬಿಡ್ತಾರ. ಆದ್ರ ವೈನಿ, ಸದ್ದು ಭಾಳ ಇರ್ತೈತಿ ನೋಡ್ರಿ."

"ಎಷ್ಟು? ಮೂರರಷ್ಟು?" ಬಸವಣ್ಣೆವ್ವ ಕೇಳಿದಳು.

"ಏನು ಮೂರು?"

"ಏನಿಲ್ರಿ."

ವಾರವಿಡೀ ಅವಳು ಒಂದು ವಚನವನ್ನು ಕೊಡಕ್ಕೆ ಹಾಡಿದಳು, ನೀರಿನ ಬಾನಿಗೆ ಹಾಡಿದಳು, ಖಾಲಿ ಹಿಟ್ಟಿನ ಡಬ್ಬಿಯೊಳಗೆ ಬಾಯಿಟ್ಟು ಹಾಡಿದಳು. ಶನಿವಾರದ ಹೊತ್ತಿಗೆ ಬಾಯಿಗೆ ಪೂರ್ತಿ ಬಂದಿತ್ತು. ಟೇಪು ಉಳಿದಂತೆಯೇ. ಇಷ್ಟು ಗಟ್ಟಿಮಾಡಿಕೊಂಡ ಮೇಲೆ ಮರುದಿನದ ಆಯ್ತವಾರ ತನ್ನದು ಎಂದು ಅವಳಿಗೆ ಅನ್ನಿಸಿತು. ಬೆಳಗಾವಿಯ ಮಠದಲ್ಲಿ ಪ್ರವಚನ ಇದೆ, ಸಾಮೂಹಿಕ ಭಜನೆ ಇದೆ, ಹೋಗಿಬರುತ್ತೇನೆ ಎಂದು ಅತ್ತೆಗೆ ಹೇಳಿದಳು. ಅಷ್ಟು ದೊಡ್ಡ ಸುಳ್ಳು ಅಷ್ಟು ಸಣ್ಣ ದನಿಯಲ್ಲಿ ಹೊರಬಂದದ್ದಕ್ಕೆ ಯಾರಿಗೂ ಸಂಶಯ ಬರಲಿಲ್ಲ.

"ಬರೂದು ಹೊತ್ತಾಗ್ತೈತಿ, ಒಬ್ಬಾಕಿನ ಹೋಗಬ್ಯಾಡ. ಸಿದ್ದಕ್ಕನ್ನ ಜೊತಿಗೆ ಕರಕೊ" ಅಂದಳು ನಿಂಗವ್ವ.

ಸಿದ್ದಕ್ಕ ಓಣಿಗೆಲ್ಲ ಹಾಲು ಹಾಕುವವಳು. ಅವಳ ಹಿರಿಯರದ್ದು ಕುರಿ ಕಾಯುವ ಮನೆತನ, ಮಗ ರಾಯಪ್ಪ ಈಗ ರೈಲ್ವೆಯಲ್ಲಿ ನೌಕರ. ಸೊಂಟದಲ್ಲಿ ಭಂಡಾರದ ಚೀಲ ಇಲ್ಲದೆ ಸಿದ್ದಕ್ಕ ಹಿತ್ತಲಿಗೂ ಹೋದವಳಲ್ಲ. ಅರಿಶಿನದ ಪುಡಿಯೇ ಆದರೂ ಅದು ಅವಳಿಗೆ ದೇವರ ಪ್ರಸಾದ. ಮಗು ಅತ್ತರೂ ಭಂಡಾರ, ಎಮ್ಮೆ ಒದ್ದರೂ ಭಂಡಾರ. ಬಸ್ಸು ಖಾನಾಪುರದ ನಿಲ್ದಾಣ ಬಿಟ್ಟ ಮೇಲೆ ಬಸವಣ್ಣೆವ್ವ ಅವಳ ಕಿವಿಯಲ್ಲಿ ಖರೇ ಹೇಳಿದಳು.

"ಮಠಕ್ಕಲ್ಲ ಯಕ್ಕಾ. ಒಂದು ಹಾಡಿನ ಕಾರ್ಯಕ್ರಮಕ್ಕ."

"ಮಠ ಆದ್ರೇನು, ಹಾಡಾದ್ರೇನು. ನನಗ ಕಿಟಕಿ ಬಾಜು ಸಿಕ್ಕೈತಿ, ಸಾಕು" ಅಂದಳು ಸಿದ್ದಕ್ಕ.

ಕಾಲೇಜಿನ ಬಯಲಿನ ಬಾಗಿಲಲ್ಲಿ ಬಾಳಾಸಾಹೇಬನ ಹೆಸರು ಹೇಳಿದ್ದೇ ತಡ, ಒಬ್ಬ ಹುಡುಗ ಇಬ್ಬರನ್ನೂ ಕರೆದೊಯ್ದು ಎಲ್ಲರಿಗಿಂತ ಮುಂದೆ, ಕಪಾಟಿನೆತ್ತರದ ಸ್ಪೀಕರಿನ ಎದುರೇ ಖುರ್ಚಿ ಹಾಕಿ ಕೂರಿಸಿದ. ಯಾರೋ ಪ್ರಾಧ್ಯಾಪಕರ ಮನೆಯವರು ಎಂದು ತಿಳಿದನೋ ಏನೋ, "ಬರ್ರಿ, ಕುಂದರ್ರಿ" ಅಂತ ಚಹಾ ಕೂಡ ತಂದ. ಸುತ್ತಲೂ ಕರೀ ಅಂಗಿ ತೊಟ್ಟ ಹುಡುಗರು. ತಲೆ ಮೇಲೆ ಸೆರಗು ಹೊದ್ದು ಕೂತ ಇಬ್ಬರು ಹೆಂಗಸರನ್ನು ಕಂಡು ಪಕ್ಕದವನಿಗೆ ತಡೆಯಲಾಗಲಿಲ್ಲ.

"ಆಂಟಿ, ಖರೇನ ಹಾಡು ಕೇಳಾಕ ಬಂದೀರಿ? ನಿಮಗ ಯಾರ ಹಾಡು ಸೇರ್ತಾವ್ರಿ?"

ಅವನ ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದರು. ಬಸವಣ್ಣೆವ್ವನ ಕಿವಿ ಬಿಸಿಯಾಯಿತು. ಮಠಕ್ಕೆ ಹೊಸಬಳಾಗಿ ಹೋದವಳನ್ನು ದೀಕ್ಷೆ ಯಾರ ಕಡೆ ಆಗೈತಿ ಅಂತ ಕೇಳಿದ ಹಾಗಿತ್ತು.

"ಹೆಸರ ಗೊತ್ತಿಲ್ಲಪಾ" ಅಂದಳು. "ಎರಡನೇ ಬಾಜೂದ್ದು ಮೂರನೇದು."

"ಅಂದ್ರ?"

ಬಸವಣ್ಣೆವ್ವ ತೊಡೆಯ ಮೇಲೆ ಎರಡೂ ಅಂಗೈ ಇಟ್ಟು, ರೊಟ್ಟಿ ಬಡಿಯುವ ಹಾಗೆ ಬಡಿದು ತೋರಿಸಿದಳು. ಬಡಿದೂ ಬಡಿದೂ ತಟ್ಟನೆ ನಿಲ್ಲಿಸಿ, ಒಂದು ಉಸಿರು ಬಿಟ್ಟು, ಮತ್ತೆ ಬಡಿದಳು. ಹುಡುಗನ ನಗು ಮಾಯವಾಯಿತು. "ಅಯ್ಯೋ ಆಂಟಿ! ಅದ ನಂದೂ!" ಅಂದ. ಅವನ ಹೆಸರು ಈರಣ್ಣ ಅಂತೆ. ಅಂಥದೇ ಕ್ಯಾಸೆಟ್ಟು ಬೇಕಂತ ಅಂಗಡಿಗೆ ಹೋದರೆ ತಪ್ಪಿ ಒಂದು ವಚನದ ಕ್ಯಾಸೆಟ್ಟು ಬಂದಿತ್ತಂತೆ. "ವಾಪಸ್ ಕೊಡಬೇಕಂತ ಮಾಡಿದ್ವಿ. ಆದ್ರ ಪರೀಕ್ಷಿ ಮುಂದ ಕೇಳಾಕ ಭಾಳ ಚಲೋ ಆಗ್ತೈತ್ರಿ."

ಬಸವಣ್ಣೆವ್ವ ಏನೂ ಗೊತ್ತಿಲ್ಲದವಳ ಹಾಗೆ ಚಹಾ ಕುಡಿದಳು.

ಸದ್ದು ಶುರುವಾದದ್ದು ಕಿವಿಯಲ್ಲಿ ಅಲ್ಲ, ಹೊಟ್ಟೆಯಲ್ಲಿ. ಮೂರೂ ಅಲ್ಲ, ಹತ್ತೂ ಅಲ್ಲ. ಅವಳ ಡಬ್ಬಿಯ ಗುಂಡಿಯಲ್ಲಿ ಅಂಕಿಯೇ ಇಲ್ಲದ ಸದ್ದು. ಕಾಲುಂಗುರ ನಡುಗಿದವು, ಕೈಯಲ್ಲಿನ ಕಪ್ಪಿನಲ್ಲಿ ಚಹಾ ತಾನೇ ತೆರೆ ಎಬ್ಬಿಸಿತು. ವೇದಿಕೆಯ ಮೇಲೆ ಹೆಗಲುದ್ದ ಕೂದಲಿನ ನಾಲ್ಕು ಹುಡುಗರು ಕೂದಲು ಕೆದರಿಕೊಂಡು, ತಲೆಯನ್ನು ಮೇಲೆ ಕೆಳಗೆ ಒಗೆಯತೊಡಗಿದರು.

ಸಿದ್ದಕ್ಕ ಬಸವಣ್ಣೆವ್ವನ ತೋಳು ಬಿಗಿಯಾಗಿ ಹಿಡಿದಳು. ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಯವ್ವಾ! ಮೈಯಾಗ ಬಂದೈತಿ ಅವಕ್ಕ!"

"ಇಲ್ಲ ಯಕ್ಕಾ, ಅವರು ಹಂಗ ಮಾಡೂದು—"

"ನನಗ ಹೇಳತಿ? ನಾಕೂ ಮಂದಿಗೆ ಬಂದೈತಿ. ಹಿಡ್ಯಾವ್ರಿಲ್ಲ, ನೀರ ಕೊಡಾವ್ರಿಲ್ಲ, ಯಾವ ದೇವರು ಅಂತ ಕೇಳಾವ್ರಿಲ್ಲ. ಎಂಥಾ ಮಂದಿ ಇವ್ರು! ಮನಿಗೆ ಬಂದ ದೇವರನ್ನ ಹಿಂಗ ನಿಂದರಿಸಿ ಮಜಾ ನೋಡ್ತಾರು!"

ಬಸವಣ್ಣೆವ್ವ ಅವಳ ಸೆರಗು ಹಿಡಿದೆಳೆಯುವಷ್ಟರಲ್ಲಿ ಸಿದ್ದಕ್ಕ ವೇದಿಕೆಯ ಮೆಟ್ಟಿಲು ಹತ್ತಿ ಆಗಿತ್ತು. ಸೊಂಟದ ಚೀಲ ಬಿಚ್ಚಿ, ಗಿಟಾರಿನವನ ಹಣೆಗೆ ಹೆಬ್ಬೆರಳಿಂದ ಉದ್ದಕ್ಕೆ ಭಂಡಾರ ಎಳೆದಳು. ಅವನು ತಲೆ ಒಗೆಯುವುದನ್ನು ನಿಲ್ಲಿಸಿ ಕಣ್ಣು ಕಣ್ಣು ಬಿಟ್ಟ. "ಯಾರಪಾ ನೀನು? ಏನ್ ಬೇಕು? ಶಾಂತ ಆಗು ನನ್ನಪ್ಪಾ" ಅಂದಳು ಸಿದ್ದಕ್ಕ. ಗೋವಾದ ಆ ಹುಡುಗನಿಗೆ ಏನು ತಿಳಿಯಿತೋ, ಬಗ್ಗಿ ಅವಳ ಕಾಲು ಮುಟ್ಟಿದ. ಬಯಲೆಲ್ಲ ಸಿಳ್ಳು. ಉಳಿದ ಮೂವರೂ ಸಾಲಾಗಿ ಹಣೆ ಒಡ್ಡಿ ನಿಂತರು. ಸಿದ್ದಕ್ಕ ಒಂದು ಹಿಡಿ ಭಂಡಾರ ಗಾಳಿಗೆ ತೂರಿ, ಮನೆದೇವರ ಜಯಕಾರ ಹಾಕುತ್ತ, "ಏಳಕೋಟಿ ಏಳಕೋಟೀ!" ಅಂದಾಗ ಕರೀ ಅಂಗಿಯ ಹುಡುಗರೆಲ್ಲ ಎರಡು ಬೆರಳು ಕೋಡಿನ ಹಾಗೆ ಎತ್ತಿ "ಏಳಕೋಟಿ!" ಅಂತ ಗರ್ಜಿಸಿದರು. ಕಾರ್ಯಕ್ರಮದಲ್ಲಿ ಮೊದಲೇ ಇದ್ದ ಸಂಗತಿ ಎಂದೇ ತಿಳಿದು ಪ್ರಾಚಾರ್ಯರು ಕೂಡ ಚಪ್ಪಾಳೆ ಹೊಡೆದರು.

ಆಗ ಅವಳ ಹಾಡು ಬಂತು.

ಮೊದಲ ಪೆಟ್ಟಿಗೇ ಗುರುತು ಸಿಕ್ಕಿತು. ಈರಣ್ಣ ಅವಳ ಕಡೆ ತಿರುಗಿ ಕೋಡು ಎತ್ತಿದ. ಬಸವಣ್ಣೆವ್ವ ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ. ಸೆರಗು ಜಾರಿತು, ತಲೆ ತೂಗತೊಡಗಿತು, ತುರುಬು ಬಿಚ್ಚಿತು. ಸುತ್ತ ಎಲ್ಲರೂ ಕೂಗುತ್ತಿದ್ದರು. ಇಷ್ಟು ಸದ್ದಿನಲ್ಲಿ ಒಂದು ದನಿ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಬಾಯಿ ತೆರೆದಳು. ಮೊದಲು ಗಾಳಿಯಷ್ಟೇ ಬಂತು, ಬಹಳ ದಿನ ಬಂದ್ ಇದ್ದ ನಳದ ಹಾಗೆ. ಆಮೇಲೆ ಬಂತು. ಉಪ್ಪು ಸರಿಯಾಗೇ ಇತ್ತು ಎಂದು ಕೂಗಿದಳು. ನನ್ನ ಹಸಿರು ಸೀರಿ ಎಂದು ಕೂಗಿದಳು. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ, ಗಂಟಲು ಉರಿಯುವುದಷ್ಟೇ ಗೊತ್ತಾಗುತ್ತಿತ್ತು. ಅದರಷ್ಟು ಸುಖ ಹಿಂದೆ ಯಾವ ಹಬ್ಬದಲ್ಲೂ ಸಿಕ್ಕಿರಲಿಲ್ಲ. ಎಲ್ಲಕ್ಕೂ ಕೊನೆಗೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

"ಕಾಂತಾ! ಟೇಪು ಕೊಡಂಗಿಲ್ಲಾ!"

ಹಾಡು ತಟ್ಟನೆ ನಿಲ್ಲುವ ಜಾಗ ಅದೇ ಎಂಬುದನ್ನು, ದಿನಾ ಕೇಳಿದವಳು, ಆ ಹೊತ್ತಿಗೆ ಮರೆತಿದ್ದಳು.

ನಿಶ್ಶಬ್ದವಾದ ಬಯಲಿನ ತುಂಬ ಅವಳ ದನಿಯೊಂದೇ ಉಳಿಯಿತು: "…ಕೊಡಂಗಿಲ್ಲಾ!"

ವೇದಿಕೆಯ ಮೇಲೆ ಹಾಡುವವ ತನ್ನ ಕೂಗಿಗೆ ಬಾಯಿ ತೆರೆದವನು ತೆರೆದ ಹಾಗೇ ನಿಂತ. ಅವಳನ್ನು ನೋಡಿದ. ಆಮೇಲೆ ಮೈಕಿಗೆ ಬಾಯಿ ಹಚ್ಚಿ, ಅರ್ಥ ತಿಳಿಯದ ಕನ್ನಡದಲ್ಲಿ ಉದ್ದಕ್ಕೆ ಎಳೆದ: "ಕೊಡಾಂಗಿಲ್ಲಾಆಆ!"

ಸಾವಿರ ಹುಡುಗರು ಎತ್ತಿಕೊಂಡರು. "ಕೊಡಂಗಿಲ್ಲಾ! ಕೊಡಂಗಿಲ್ಲಾ!" ಗಡಿಯ ಜಗಳದ ಊರು ಅದು, ಬಾಗಿಲ ಬಳಿ ತೂಕಡಿಸುತ್ತಿದ್ದ ಪೊಲೀಸಪ್ಪ ಗಾಬರಿಯಾಗಿ ಲಾಠಿ ಹಿಡಿದು ಎದ್ದ, ಯಾರಿಗೆ ಏನು ಕೊಡುವುದಿಲ್ಲ ಎಂದು ಇಬ್ಬರು ಮೂವರನ್ನು ಕೇಳಿದ, ಟೇಪು ಎಂದು ತಿಳಿದ ಮೇಲೆ ಮತ್ತೆ ಕೂತ. ಸಿದ್ದಕ್ಕ ಕೆದರಿದ ಕೂದಲಿನ ಬಸವಣ್ಣೆವ್ವನನ್ನು ಕಂಡು, "ಯವ್ವಾ, ನಿನಗೂ ಬಂತಲ್ಲವಾ!" ಅಂತ ಓಡಿಬಂದು ಚೀಲದಲ್ಲಿ ಉಳಿದಿದ್ದ ಭಂಡಾರವನ್ನೆಲ್ಲ ಅವಳ ನೆತ್ತಿಗೆ ಸುರಿದಳು.

ಖಾನಾಪುರದಲ್ಲಿ ಇಳಿದಾಗ ಇನ್ನೂ ಮಬ್ಬುಬೆಳಕಿತ್ತು. ಬಸವಣ್ಣೆವ್ವ ನದಿಯ ದಂಡೆಗೆ ಇಳಿದು ಮುಖ ತೊಳೆದಳು, ತುರುಬು ಬಿಗಿದಳು. ಕಂಡಕ್ಟರನಿಗೆ ಊರಿನ ಹೆಸರು ಹೇಳುವಾಗಲೇ ಗೊತ್ತಾಗಿತ್ತು, ಈಗ ಮತ್ತೊಮ್ಮೆ ನೋಡಿದಳು. ಬಾಯಿ ಆಡಿತು, ದನಿ ಬರಲಿಲ್ಲ.

ನಾಳೆ ಸೋಮವಾರ.

ಉಪ್ಪುನೀರು ಮುಕ್ಕಳಿಸಿದಳು, ಶುಂಠಿ ಅಗಿದಳು. ಬೆಳಗಾದರೂ ಗಂಟಲಿನಿಂದ ಬಂದದ್ದು ಹಳೇ ಬಾಗಿಲಿನ ಕಿರುಗುಟ್ಟುವಿಕೆ. ಕುತ್ತಿಗೆ ಬಲಕ್ಕೂ ಹೊರಳುತ್ತಿರಲಿಲ್ಲ, ಎಡಕ್ಕೂ ಹೊರಳುತ್ತಿರಲಿಲ್ಲ. ಬಳಗದ ಹೆಂಗಸರು ಬಂದು ಜಮಖಾನದ ಮೇಲೆ ಕೂತರು. ವಿಷಯ ತಿಳಿದು ಎಲ್ಲರೂ ಲೊಚಗುಟ್ಟಿದರು. "ದನಿ ಹೋಗೂ ಮಟಾ ಭಜನಿ ಮಾಡ್ಯಾಳ ನೋಡ್ರಿ. ಭಕ್ತಿ ಅಂದ್ರ ಇದು!" ಅಂದಳು ಬಳಗದ ಹಿರಿಯಾಕೆ.

ಕಾಂತಾ ಮಾತ್ರ ಲೊಚಗುಟ್ಟಲಿಲ್ಲ. ಅತ್ತಿಗೆಯ ಹಿಂದೆ ನಿಂತು, ಬೈತಲೆಯಲ್ಲಿ ಒಂದು ಬೆರಳು ಎಳೆದು, ಆ ಬೆರಳನ್ನು ಎಲ್ಲರಿಗೂ ತೋರಿಸಿದಳು. ಹಳದಿ.

"ವೈನಿ, ಮಠದಾಗ ವಿಭೂತಿ ಕೊಡ್ತಾರ. ಭಂಡಾರ ಯಾವಾಗಿಂದ ಕೊಡಾಕ ಹತ್ಯಾರ?"

ಬಸವಣ್ಣೆವ್ವನ ಕಣ್ಣು ಟೇಪಿನ ಮೇಲೆ ಹೋಯಿತು. ಬಾಯಿ ತೆರೆದಳು, ಬಾಗಿಲು ಕಿರುಗುಟ್ಟಿತು. ಸುಳ್ಳು ಹೇಳಲೂ ದನಿ ಬೇಕು ಎಂಬುದು ಅವಳಿಗೆ ಆವತ್ತೇ ತಿಳಿದದ್ದು.

"ಭಂಡಾರ ಹಾಕಿದಾಕಿ ನಾನು" ಎಂಬ ಮಾತು ಬಾಗಿಲಿನಿಂದ ಬಂತು. ಹಾಲಿನ ಪಾತ್ರೆ ಹಿಡಿದು ಸಿದ್ದಕ್ಕ ನಿಂತಿದ್ದಳು. "ಹಾಕಬಾರದೇನು? ದೇವರು ಬಂದಾಗ ಸುಮ್ನ ಕುಂದ್ರೂದೇನು?"

"ಯಾವ ದೇವರು?" ನಿಂಗವ್ವ ಕೇಳಿದಳು.

ಸಿದ್ದಕ್ಕ ಪಾತ್ರೆ ಕೆಳಗಿಟ್ಟು, ಕಾಲು ಮಡಚಿ ಕೂತು, ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಒಂದಕ್ಷರ ಸುಳ್ಳಿಲ್ಲ. "ಗೋವಾದ ಕಡಿಂದು ಯಕ್ಕಾ. ಎಮ್ಮಿ ಕೋಡಿನ ದೇವರು. ನಾಕು ಮಂದಿ ಗಂಡಸರ ಮೈಯಾಗ ಒಮ್ಮೆಲೆ ಬಂತು. ಕೂದಲ ಕೆದರಿ ಹಿಂಗ, ಹಿಂಗ ಆಡಿದ್ವು. ನಾ ಭಂಡಾರ ಹಚ್ಚಿದ ಮ್ಯಾಲೆ ಕಾಲ ಬಿದ್ವು. ಆಮ್ಯಾಲೆ ನಿನ್ನ ಸೊಸಿ ಮೈಯಾಗ ಬಂತು. ಸಾವಿರ ಮಂದಿ ಅಕೀ ಹೇಳಿದ್ದ ಹೇಳಿದ್ರು. ಪೊಲೀಸಪ್ಪನೂ ಎದ್ದು ನಿಂತ."

ಹೆಂಗಸರು ಬಸವಣ್ಣೆವ್ವನನ್ನು ನೋಡಿದರು. ಬಸವಣ್ಣೆವ್ವ ನೆಲ ನೋಡಿದಳು.

"ಸಿದ್ದಕ್ಕನ ಪುರಾಣ ಸಾಕು" ಅಂದಳು ಕಾಂತಾ. "ವೈನಿಗೆ ಹಾಡಾಕ ಬರಂಗಿಲ್ಲ, ಅಷ್ಟ. ಟೇಪಾದ್ರೂ ಹಚ್ಚೂಣು, ಏನು ಕಲ್ತಾಳ ಎಲ್ಲಾರೂ ಕೇಳ್ರಿ." ಬಸವಣ್ಣೆವ್ವ ಕೈ ಚಾಚುವುದರೊಳಗೆ ಅವಳು ದನಿಯ ಗುಂಡಿಯನ್ನು ಎಲ್ಲರಿಗೂ ಕೇಳಿಸಲಿ ಅಂತ ಕೊನೆತನಕ ತಿರುವಿ, ಡಬ್ಬಿಯ ಗುಂಡಿ ಒತ್ತಿದಳು.

ಒಳಗಿದ್ದದ್ದು ಶನಿವಾರದ ರೊಟ್ಟಿಯ ಕ್ಯಾಸೆಟ್ಟು. ನಿಂತಿದ್ದದ್ದು ಮೂರನೇ ಹಾಡಿನ ನಿಶ್ಶಬ್ದದ ಜಾಗದಲ್ಲಿ. ಡಬ್ಬಿ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಆ ಉದ್ದನೆಯ ಕೂಗನ್ನು ಹತ್ತರ ಸದ್ದಿನಲ್ಲಿ ಹಾಕಿತು.

ಚಹಾದ ಬಟ್ಟಲುಗಳು ಉರುಳಿದವು. ಕಾಂತಾ ಕೈ ಸುಟ್ಟವಳ ಹಾಗೆ ಹಿಂದಕ್ಕೆ ಹಾರಿ ಹಿರಿಯಾಕೆಯ ತೊಡೆಯ ಮೇಲೆ ಕೂತಳು. ಸಿದ್ದಕ್ಕ ಎದ್ದು ಕೈ ಮುಗಿದಳು.

"ಇದ! ಇದ ದೇವರು! ಡಬ್ಯಾಗ ಬಂದೈತಿ! ಕಾಂತವ್ವಾ, ಮುಟ್ಟಬ್ಯಾಡವಾ ಅದನ್ನ. ಅದು ನಿನ್ನೆ ಏನಂದೈತಿ ಗೊತ್ತೈತೇನು? ನಿನ್ನ ಹೆಸರ ಹಿಡಿದು, ಸಾವಿರ ಮಂದಿ ಮುಂದ, 'ಕಾಂತಾ, ಟೇಪು ಕೊಡಂಗಿಲ್ಲ' ಅಂದೈತಿ!"

"ನನ್ನ ಹೆಸರ?" ಕಾಂತಾಳ ಮುಖ ಬಿಳಚಿತು. "ಗೋವಾದ ದೇವರಿಗೆ ನನ್ನ ಹೆಸರ ಹೆಂಗ ಗೊತ್ತು?"

"ಅದನ್ನ ನೀನ ಕೇಳು. ಒಳಗ ಐತಲ್ಲ."

"ನಮಗ ಲಿಂಗದ ಹೊರ್ತು ಬ್ಯಾರೆ ದೇವರಿಲ್ಲ" ಎಂದು ಹಿರಿಯಾಕೆ ಗಟ್ಟಿಯಾಗಿ ಹೇಳಿದಳು. ಹೇಳುತ್ತ ಜಮಖಾನವನ್ನು ಡಬ್ಬಿಯಿಂದ ಒಂದು ಮಾರು ದೂರಕ್ಕೆ ಎಳೆದುಕೊಂಡಳು.

ನಿಂಗವ್ವ ನಿಧಾನವಾಗಿ ಎದ್ದಳು. ಡಬ್ಬಿಯ ಹತ್ತಿರ ಹೋಗಿ, ಹುಡುಕದೆ ತಡಕದೆ, ಸರಿಯಾದ ಗುಂಡಿ ಒತ್ತಿ ಬಂದ್ ಮಾಡಿದಳು.

"ಕಾಂತಾ, ಒಯ್ತೀಯೇನು ಇದನ್ನ?"

"ಬ್ಯಾಡ ಯವ್ವಾ! ನಿಮ್ಮ ಮನ್ಯಾಗ ಇರ್ಲಿ. ಮಕ್ಕಳ ಮರಿ ಇರೂ ಮನಿ ನಮ್ಮದು!"

ಹೆಂಗಸರು ಬೇಗ ಎದ್ದರು. ಕಾಂತಾ ಮಧ್ಯಾಹ್ನದ ಬಸ್ಸಿಗೇ ಗೋಕಾಕಕ್ಕೆ ಹೊರಟಳು. ಸಿದ್ದಕ್ಕ ಹಾಲು ಅಳೆದು ಹಾಕಿ ಹೋಗುವಾಗ ಬಸವಣ್ಣೆವ್ವನ ಕಡೆ ತಿರುಗಿ ಒಂದು ನಗು ನಕ್ಕಳು. ಅದು ಏನೂ ಅರಿಯದವಳ ನಗುವೋ ಎಲ್ಲ ಅರಿತವಳ ನಗುವೋ ಬಸವಣ್ಣೆವ್ವನಿಗೆ ಕಡೆತನಕ ಬಗೆಹರಿಯಲಿಲ್ಲ.

ಸಂಜೆ ಬಸವಣ್ಣೆವ್ವ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ನಿಂಗವ್ವ ಮೆಣಸಿನ ಕಾಳು ಬೆಲ್ಲ ಹಾಕಿ ಕಾಸಿದ ಕಷಾಯ ತಂದು ಮುಂದಿಟ್ಟಳು. ಎದುರಿಗೆ ಕೂತು, ಸೊಸೆಯ ತಲೆಯನ್ನು ತನ್ನ ಕಡೆ ವಾಲಿಸಿಕೊಂಡು, ಬೈತಲೆಯಲ್ಲಿ ಉಳಿದಿದ್ದ ಹಳದಿಯನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಕುತ್ತಿಗೆ ನೋವಿಗೆ ಬಸವಣ್ಣೆವ್ವ ಕಣ್ಣು ಮುಚ್ಚಿದಳು. ಈಗ ಬೈಗುಳ ಬರುತ್ತದೆ ಅಂದುಕೊಂಡಳು. ಬರಲಿಲ್ಲ. ನಿಂಗವ್ವ ಬಟ್ಟೆಯನ್ನು ಮತ್ತೆ ನೀರಿಗದ್ದಿ ಹಿಂಡಿದಳು.

"ನಾಳಿಂದ ರೊಟ್ಟಿ ಬಡಿಯೂವಾಗ ಅದನ್ನ ಸ್ವಲ್ಪ ದೊಡ್ಡದ ಹಚ್ಚು" ಅಂದಳು ನಿಂಗವ್ವ ಕೊನೆಗೆ. "ಹಿತ್ತಲದಾಗ ಕುಂತ್ರ ಅರ್ಧಾನೂ ಕೇಳಸಂಗಿಲ್ಲ."